ಎರಡು ಗಡ್ಡೆ ಐಸು

೧೯೬೫ನೇ ಇಸವಿ ಮಾರ್ಚ್ ೧೪, ಭಾನುವಾರ, ಬೆಳಗ್ಗೆ ಆರೂ ಮುಕ್ಕಾಲು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ವೆಂಕಟರತ್ನಮ್ಮ ತಗಡಿನ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಓಡುತ್ತಿದ್ದಳು. ಬೆಂಗಳೂರಿನ ಗಾಡಿ ತಡವಾಗಿ ಬಂದಿತ್ತು. ಆಚೆ ಬದಿಯಲ್ಲಿ ಊರಿಗಾಂ ಚಿನ್ನದ ಗಣಿಯ ಕಡೆಗೆ ಹೋಗುವ ಗಾಡಿ ಆಗಲೇ ಹೊಗೆ ಬಿಡುತ್ತಿತ್ತು. ನರ್ಸಿನ ಬಿಳಿ ಸೀರೆ ಕಾಲಿಗೆ ತೊಡರುತ್ತಿತ್ತು, ಪೆಟ್ಟಿಗೆಯೊಳಗೆ ಸೀಸೆಗಳು ಕಿಣಿಕಿಣಿ ಅನ್ನುತ್ತಿದ್ದವು.

"ಗಾರ್ಡ್ ಸಾಮಿ! ನಿಲ್ಸಿ! ಮಕ್ಕಳ ಮದ್ದು ಐತೆ!"

"ಓಡಬೇಡಿ ತಾಯಿ, ಬಿದ್ರೆ ಮದ್ದೂ ಓಯ್ತದೆ, ನೀವೂ ಓಗ್ತೀರ," ಎಂದು ಗಾರ್ಡು ಹಸಿರು ಬಾವುಟವನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ನಿಮ್ಮನ್ನ ಬಿಟ್ಟು ಓದ್ರೆ ಊರಿಗಾಂ ಹೆಂಗಸರು ನನ್ನ ಬಿಡ್ತಾರಾ?"

ಗಾಡಿಯ ಕೊನೆಯ ಡಬ್ಬಿಯ ಬಾಗಿಲಲ್ಲಿ ಐಸ್ ಫ್ಯಾಕ್ಟರಿಯ ಚಿಕ್ಕವೆಂಕಟಪ್ಪ ಕಾಯುತ್ತಿದ್ದ. ಅವನ ಕಾಲ ಬಳಿ ಗೋಣಿ ಸುತ್ತಿದ ಎರಡು ಗಡ್ಡೆ. ಮರದ ಹೊಟ್ಟು ಮೆತ್ತಿಕೊಂಡು ನೀರು ಜಿನುಗುತ್ತಿತ್ತು.

"ನಾನು ಕೇಳಿದ್ದು ಒಂದೇ ಗಡ್ಡೆ ಅಲ್ವೇನಪ್ಪ?"

"ನಿಮ್ದು ಒಂದೇ ಸಿಸ್ಟರಮ್ಮ. ಇನ್ನೊಂದೂ ಊರಿಗಾಂಗೇ, ಹೆಣಕ್ಕೆ. ಗುಂತಕಲ್ಲಿಂದ ಮಗ, ಸೊಸೆ, ಮೊಮ್ಮಗು ಬರೋಗಂಟ ಇಡಬೇಕಂತೆ. ನಮ್ ಮಿಷನ್ ಬೇರೆ ಕೆಟ್ಟು ಕೂತದೆ, ಇವತ್ತಿಗೆ ಇರೋದೇ ಇವೆರಡು. ಬದುಕಿರೋರಿಗೊಂದು, ಸತ್ತೋರಿಗೊಂದು." ತನ್ನ ಮಾತಿಗೆ ತಾನೇ ನಕ್ಕ.

"ಯಾರು ಓದ್ರು?"

"ಯಾರೋ ಡಿಸ್ಪೆನ್ಸರಿ ಆಯಮ್ಮ ಅಂತೆ. ಗಂಡ ಸುರಂಗದಲ್ಲಿ ಮರ ಕಟ್ಟೋನು. ಕೋದಂಡಪ್ಪ ಅಂತ."

ಗಾಡಿ ಕೂಗಿತು. ವೆಂಕಟರತ್ನಮ್ಮ ನಿಂತಲ್ಲೇ ನಿಂತಿದ್ದಳು. ಚಿಕ್ಕವೆಂಕಟಪ್ಪ ಅವಳ ಮುಖ ನೋಡಿ ನಗು ನಿಲ್ಲಿಸಿದ. ಪೆಟ್ಟಿಗೆಯನ್ನು ತಾನು ತೆಗೆದುಕೊಂಡು ಒಳಗಿಟ್ಟ, ಅವಳ ರಟ್ಟೆ ಹಿಡಿದು ಹತ್ತಿಸಿದ. "ನಿಮ್ಮೋರಾ? ಗೊತ್ತಿರಲಿಲ್ಲ ಕಣಮ್ಮ. ಬಿಟ್ಟಾಕು ನನ್ ಮಾತ."

ಡಬ್ಬಿಯಲ್ಲಿ ಅವಳು ಎರಡು ಗಡ್ಡೆಗಳ ನಡುವೆ ಕುಳಿತಳು. ತನ್ನ ಪಾಲಿನ ಗಡ್ಡೆಯನ್ನು ಗಾರ್ಡಿನ ಸುತ್ತಿಗೆಯಿಂದ ಒಡೆದಳು. ಚೂರುಗಳನ್ನು ಸೀಸೆಗಳ ಸುತ್ತ ತುಂಬಿದಳು, ಮೇಲೆ ಹೊಟ್ಟು ಹರಡಿದಳು, ಮುಚ್ಚಳ ಬಿಗಿದಳು. ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಕೋರಮಂಡಲ್ ಸ್ಟೇಷನ್ ದಾಟುವಾಗ ಬಾಯಿಂದ ಮಾತು ಬಂತು, ಯಾರಿಗೂ ಅಲ್ಲ.

"ನೆನ್ನೆ ಬೆಳಗ್ಗೆ ನನ್ನ ಬೈತಿದ್ಲಲ್ಲ."

ಬೈದದ್ದು ನಿಜ. ನಿನ್ನೆ ಬೆಂಗಳೂರಿಗೆ ಹೊರಟ ಇವಳನ್ನು ಗಾಡಿ ಹತ್ತಿಸಲು ಬಂದಿದ್ದ ಅನಸೂಯಮ್ಮ ಕಿಟಕಿಯ ಸರಳು ಹಿಡಿದು, "ಬರೋವಾಗ ಪೆಟ್ಟಿಗೆ ಬೀಳಿಸ್ಬೇಡ ಕಣೇ ರತ್ನ. ಈ ಮದ್ದು ಕಂಡ್ರೆ ನಿಂಗಾಗಲ್ಲ ಅಂತ ಊರಿಗೆಲ್ಲಾ ಗೊತ್ತು. ಬೇಕಂತಲೇ ಬೀಳಿಸಿದ್ಲು ಅಂತಾರೆ," ಎಂದಿದ್ದಳು.

*

ಗಣಿಯ ಆಳುಗಳ ಲೈನು ಕಾಣುವ ಮೊದಲೇ ತಮಟೆಯ ಸದ್ದು ಕೇಳಿಸಿತು. ಬಿದಿರು ತಟ್ಟಿಯ ಗೋಡೆಗಳ ಪುಟ್ಟ ಮನೆಗಳು ಎರಡು ಸಾಲು, ನಡುವೆ ತೆರೆದ ಚರಂಡಿ. ಕೋದಂಡಪ್ಪನ ಮನೆಯ ಮುಂದಿನ ಚಪ್ಪರದಲ್ಲಿ ಬೆಂಚಿನ ಮೇಲೆ ಅನಸೂಯಮ್ಮ ಮಲಗಿದ್ದಳು. ಕೆನ್ನೆಗೆ ಅರಿಶಿನ, ಅಗಲವಾದ ಹಣೆಗೆ ಕುಂಕುಮ. ರಾತ್ರಿಪಾಳಿ ಮುಗಿಸಿದ ಗಂಡಸರು ಮೈಮೇಲಿನ ಧೂಳನ್ನೂ ತೊಳೆಯದೆ ಬಂದು ನಿಂತಿದ್ದರು. ಐಸಿನ ಗಡ್ಡೆ ಬಂದದ್ದೇ ನಾಲ್ಕು ಜನ ಹಾರಿಬಂದು ಅದನ್ನು ಬೆಂಚಿನ ಕೆಳಗೆ ತಳ್ಳಿದರು, ಬೋಗುಣಿ ಇಟ್ಟರು.

ಕೋದಂಡಪ್ಪ ಎದ್ದು ಬಂದ. ದೊಡ್ಡ ಆಳು. ಸುರಂಗದ ಸೂರಿಗೆ ಆನಿಕೆ ಮರ ಕಟ್ಟಿ ಕಟ್ಟಿ ಭುಜ ಒಂದು ಕಡೆಗೆ ವಾಲಿತ್ತು.

"ರಾತ್ರಿ ಊಟಕ್ಕೆ ಮುಂಚೆ ರತ್ನಮ್ಮ. ಸಾಯಂಕಾಲವೆಲ್ಲಾ ಮನೆಮನೆ ಸುತ್ತಿದ್ಲು. ನಾಳೆ ಮಕ್ಕಳನ್ನ ಕರ್ಕೊಂಡ್ ಬನ್ನಿ, ಪೋಲಿಯೋ ಮದ್ದು, ಸೂಜಿ ಇಲ್ಲ, ಅಳು ಇಲ್ಲ, ಮೂರು ತೊಟ್ಟು ಅಷ್ಟೇ ಅಂತ. ಬಂದು ಕೂತ್ಕೊಂಡ್ಲು. ಒಂದ್ ಚೆಂಬು ನೀರ್ ಕೊಡು ಅಂದ್ಲು. ನೀರ್ ತರೋದ್ರಲ್ಲಿ..." ಅಂಗೈಯನ್ನು ಮಗುಚಿ ತೋರಿಸಿದ.

ವೆಂಕಟರತ್ನಮ್ಮ ಪೆಟ್ಟಿಗೆಯ ಸಮೇತ ಬೆಂಚಿನ ಕಡೆಗೆ ಹೆಜ್ಜೆ ಇಟ್ಟಳು.

"ಅಡಿಯೇ! ಅಲ್ಲೇ ನಿಲ್ಲು!"

ಕೂಗಿದವಳು ಮಾರಿಯಮ್ಮ. ಲೈನಿಗೆಲ್ಲ ಹಿರಿಯಳು, ಎಲ್ಲರ ಬಾಯಲ್ಲೂ ಪಾಟಿ. ಅಂದರೆ ಅಜ್ಜಿ. ಹುಟ್ಟಿಗೆ, ಮದುವೆಗೆ, ಸಾವಿಗೆ ಏನು ಮಾಡಬೇಕು, ಏನು ಕೂಡದು ಎಂದು ಅವಳು ಹೇಳಿದ ಮೇಲೆ ಅಲ್ಲಿ ಇನ್ನೊಂದು ಮಾತಿರಲಿಲ್ಲ.

"ಅದೇನು ಪೆಟ್ಟಿಗೆ? ಮಕ್ಕಳ ಮದ್ದು ತಾನೆ? ಲೈನಲ್ಲಿ ಹೆಣ ಇರೋಗಂಟ ಮಕ್ಕಳ ಬಾಯಿಗೆ ಮದ್ದಿಲ್ಲ. ಒಲೆ ಇಲ್ಲ, ಮದ್ದಿಲ್ಲ. ಕೊಟ್ಟ ಮದ್ದು ಹೆಣದ ಜೊತೆ ಎದ್ದು ಹೋಗುತ್ತೆ, ಮಗೂನೂ ಕರೆಯುತ್ತೆ. ಬೀಗ ಹಾಕಿ ಇಡು ಅದನ್ನ."

ತಾಯಂದಿರು ಮಕ್ಕಳನ್ನು ಸೆರಗಿನ ಹಿಂದಕ್ಕೆ ಎಳೆದುಕೊಂಡರು.

ಒಣಹುಲ್ಲಿನ ಬೆಂಕಿಗೆ ತಮಟೆ ಹಿಡಿದು ಬಿಸಿ ಮಾಡುತ್ತಿದ್ದವನೊಬ್ಬ ತಲೆಯೆತ್ತಿ ಕೇಳಿದ: "ಸೂಜಿ ಆಗಿದ್ರೆ ಪಾಟಿ? ತೋಳಿಗೆ ತಾನೆ ಚುಚ್ಚೋದು?"

ಮಾರಿಯಮ್ಮ ಯೋಚಿಸಿದಳು. "ತೋಳಿಗೆ ಆದ್ರೆ ಪರವಾಗಿಲ್ಲ. ಬಾಯಿಗೆ ಕೂಡದು."

ಹನಿ ಬೇಡ, ಸೂಜಿಯೇ ಇರಲಿ ಎಂದು ವಾದಿಸಿದ್ದ ವೆಂಕಟರತ್ನಮ್ಮನಿಗೆ ನಗು ಮತ್ತು ಅಳು ಎರಡೂ ಒಟ್ಟಿಗೆ ಬಂದವು. ಬೆಂಚಿನ ಕಡೆ ತಿರುಗಿ ಎಲ್ಲರಿಗೂ ಕೇಳಿಸುವ ಹಾಗೆಯೇ ಹೇಳಿದಳು: "ಕೇಳಿಸ್ಕೊಂಡ್ಯೇನೆ ಅನಸೂಯಕ್ಕ? ಈಗ ಬೈಯಿ ನೋಡಾಣ ನನ್ನ!"

*

ಆರು ವರ್ಷದ ಹಿಂದೆ ಅನಸೂಯಮ್ಮನಿಗೂ ಸೂಜಿಯ ಮೇಲೆ ನಂಬಿಕೆಯಿತ್ತು. ಡಿಸ್ಪೆನ್ಸರಿಯಲ್ಲಿ ಸೂಜಿ ಕುದಿಸುವವಳು ಅವಳೇ, ಮಕ್ಕಳ ಕಾಲು ಹಿಡಿಯುವವಳೂ ಅವಳೇ. ಅವಳು ಹಿಡಿದರೆ ಮಗು ಮಿಸುಕಾಡುವಂತಿರಲಿಲ್ಲ.

ಒಂದು ಮಳೆಗಾಲ ಪಕ್ಕದ ಸಾಲಿನ ಕನಕಮ್ಮನ ಹಿರಿಯ ಮಗಳು ಸೆಲ್ವಿಗೆ ಜ್ವರ ಬಂತು. ಡಿಸ್ಪೆನ್ಸರಿಗೆ ರಜ. ಸಂತೆಬೀದಿಯಲ್ಲಿ ಎಲ್ಲ ಜ್ವರಕ್ಕೂ ಒಂದೇ ಇಂಜೆಕ್ಷನ್ ಕೊಡುವ ಒಬ್ಬನಿದ್ದ. ಕನಕಮ್ಮ ಗಾಬರಿಯಲ್ಲಿ ಮಗುವನ್ನು ಅಲ್ಲಿಗೆ ಹೊತ್ತುಕೊಂಡು ಹೋದಳು, ಧೈರ್ಯಕ್ಕೆ ಅನಸೂಯಮ್ಮನನ್ನೂ ಕರೆದುಕೊಂಡಳು. ಎಡತೊಡೆಗೆ ಸೂಜಿ. ಅನಸೂಯಮ್ಮ ಕಾಲು ಹಿಡಿದಿದ್ದಳು. ಜ್ವರ ಇಳಿಯಿತು. ಆಮೇಲೆ ಮಗುವನ್ನು ನಿಲ್ಲಿಸಲು ಹೋದರೆ ಎಡಗಾಲು ಬಟ್ಟೆಯ ಹಾಗೆ ಮಡಚಿಕೊಂಡಿತು.

ಡಿಸ್ಪೆನ್ಸರಿಯ ಡಾಕ್ಟರು ಶ್ರೀನಿವಾಸಪ್ಪನವರು ನೋಡಿ, ಇದು ಪೋಲಿಯೋ, ಕ್ರಿಮಿ ಮೊದಲೇ ಮೈಯಲ್ಲಿತ್ತು ಎಂದರು. ಆದರೆ ಮುಚ್ಚಿಡಲಿಲ್ಲ. "ಕ್ರಿಮಿ ಮೈಯಲ್ಲಿರುವ ದಿನಗಳಲ್ಲಿ ಯಾವ ಕಾಲಿಗೆ ಸೂಜಿ ಬೀಳುತ್ತದೋ ಆ ಕಾಲೇ ಬೀಳುವುದು ಹೆಚ್ಚು ಅಂತ ಬೇರೆ ಬೇರೆ ದೇಶಗಳಲ್ಲಿ ಗಮನಿಸಿದ್ದಾರೆ. ಯಾಕೆ ಅಂತ ಇನ್ನೂ ಪೂರ್ತಿ ಗೊತ್ತಿಲ್ಲ."

ಅನಸೂಯಮ್ಮ ತನ್ನ ಎರಡು ಕೈಗಳನ್ನು ಸೀರೆಗೆ ಒರೆಸಿಕೊಂಡಳು. ಆಮೇಲೆಯೂ ಸೂಜಿ ಕುದಿಸಿದಳು, ಕಾಲು ಹಿಡಿದಳು. ಕೆಲಸ ಬಿಡಲಾಗುತ್ತದೆಯೇ? ಆದರೆ ಹಿಡಿಯುವಾಗ ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದಳು.

"ಆ ಸೂಜಿ ಬೇರೆ, ಪೋಲಿಯೋ ತಡೆಯೋ ಸೂಜಿ ಬೇರೆ," ಎಂದು ವೆಂಕಟರತ್ನಮ್ಮ ಎಷ್ಟೋ ಸಲ ಹೇಳಿದಳು.

"ಕಾಲು ಒಂದೇ ಅಲ್ವೇನೆ," ಎನ್ನುತ್ತಿದ್ದಳು ಅನಸೂಯಮ್ಮ.

*

ಡಾಕ್ಟರು ಸೈಕಲ್ಲನ್ನು ಚರಂಡಿಯ ಅಂಚಿಗೆ ಒರಗಿಸಿ ಬಂದರು. ಹೆಣಕ್ಕೆ ಕೈಮುಗಿದು ಸ್ವಲ್ಪ ಹೊತ್ತು ನಿಂತರು. ಆಮೇಲೆ ವೆಂಕಟರತ್ನಮ್ಮನನ್ನು ಪಕ್ಕಕ್ಕೆ ಕರೆದು ಪೆಟ್ಟಿಗೆ ತೆರೆಸಿದರು.

"ಸಂಜೆ ಆರರವರೆಗೆ ತಡೆಯಬಹುದು. ಪದೇಪದೇ ಮುಚ್ಚಳ ತೆಗೆದರೆ ಅದೂ ಇಲ್ಲ. ಮಗ ಯಾವಾಗ ಬರ್ತಾನೆ?"

"ಐದೂವರೆ ಗಾಡಿಗೆ. ಆಮೇಲೆ ನೀರು ಹಾಕಿ, ಬಾಯಿಗೆ ಅಕ್ಕಿ ಹಾಕಿ ಎತ್ತೋಷ್ಟರಲ್ಲಿ ಏಳಾಗ್ತದೆ ಸಾರ್."

"ನಮ್ಮ ಫ್ರಿಜ್ಜು ಕೆಟ್ಟಿದೆ. ಬೇರೆ ಕಡೆ ಒಯ್ದಿಡೋಣ ಅಂದರೆ, ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿಮಾಡುವ ಹಾಗಿಲ್ಲ. ಇನ್ನೊಂದು ಕಂತು ಬೊಂಬಾಯಿಯಿಂದ ಬರೋದಕ್ಕೆ ಮೂರು ತಿಂಗಳು. ಅಷ್ಟರಲ್ಲಿ ಮಳೆ ಶುರುವಾಗುತ್ತೆ, ಜ್ವರವೂ ಶುರುವಾಗುತ್ತೆ." ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಮಧ್ಯಾಹ್ನ ಎರಡು ಗಂಟೆಯೊಳಗೆ ಶುರು ಮಾಡಿದರೆ ಇವತ್ತು ಇಡೀ ಲೈನು ಮುಗಿಯುತ್ತೆ. ಇಲ್ಲದಿದ್ದರೆ ಇಷ್ಟನ್ನೂ ಸುರಿದುಬಿಡಬೇಕು."

ಹೋದ ತಿಂಗಳಷ್ಟೇ ಈ ಲೈನಿನಲ್ಲೇ ಎರಡು ಮಕ್ಕಳಿಗೆ ಪೋಲಿಯೋದಿಂದ ಕಾಲು ಹೋಗಿತ್ತು. ಮಳೆಗಾಲಕ್ಕೂ ಮೊದಲೇ ಹೀಗಾದದ್ದನ್ನು ಯಾರೂ ಕಂಡಿರಲಿಲ್ಲ. ಅದಕ್ಕೇ ಮೊದಲ ಪೆಟ್ಟಿಗೆ ಇಲ್ಲಿಗೆ ಬಂದದ್ದು.

"ನೀವು ಒಂದು ಮಾತು ಹೇಳಿ ಸಾರ್ ಪಾಟಿಗೆ."

"ನಾನು ಹೇಳಿದರೆ ತಾಯಂದಿರು ಮಕ್ಕಳನ್ನು ಒಳಗೆ ಹಾಕಿ ಬಾಗಿಲು ಮುಚ್ಚುತ್ತಾರೆ. ಒಮ್ಮೆ ಮುಚ್ಚಿದ ಬಾಗಿಲು ಮುಂದಿನ ಸಲವೂ ತೆರೆಯೋಲ್ಲ. ಅನಸೂಯಮ್ಮ ಇದ್ದಿದ್ದರೆ..."

ವೆಂಕಟರತ್ನಮ್ಮ ಪೆಟ್ಟಿಗೆಯ ಮೇಲೆ ಒದ್ದೆ ಗೋಣಿ ಹಾಸಿ ಅದರ ಪಕ್ಕದಲ್ಲೇ ನೆಲಕ್ಕೆ ಕುಳಿತಳು. ಸುಮ್ಮನಿದ್ದುಬಿಟ್ಟರೆ ಸಾಕು ಎಂಬ ಯೋಚನೆ ಅವಳಿಗೆ ಬರದೆ ಇರಲಿಲ್ಲ. ಮದ್ದು ತಾನಾಗಿಯೇ ಕೆಡುತ್ತದೆ. ತಪ್ಪು ಯಾರದ್ದೂ ಅಲ್ಲ, ಸಾವಿನದ್ದು. ಮುಂದಿನ ಸಲ ಡಾಕ್ಟರು ಸೂಜಿ ಮದ್ದನ್ನೇ ತರಿಸುತ್ತಾರೆ. ತಾನು ಕೇಳಿದ್ದೂ ಅದನ್ನೇ ಅಲ್ಲವೆ?

*

ಕೇಳಿದ್ದು ಡಿಸೆಂಬರಿನಲ್ಲಿ, ಡಾಕ್ಟರ ಕೋಣೆಯಲ್ಲಿ. ಎರಡು ಮದ್ದಿನಲ್ಲಿ ಒಂದನ್ನೇ ತರಿಸಬಹುದಿತ್ತು. "ಹಾಕುವವರು ನೀವು. ನಿಮ್ಮನ್ನು ಕೇಳದೆ ಬರೆಯೋದಿಲ್ಲ," ಎಂದು ಡಾಕ್ಟರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡಿದ್ದರು.

"ಸೂಜಿ ಮದ್ದಿನಲ್ಲಿ ವೈರಸ್ಸನ್ನು ಕೊಂದಿರುತ್ತಾರೆ. ಅದರಿಂದ ಕಾಯಿಲೆ ಬರೋದು ಸಾಧ್ಯವಿಲ್ಲ. ರಕ್ತದಲ್ಲಿ ಕಾವಲು ಕೂರುತ್ತೆ, ಮಗುವಿನ ಕಾಲು ಉಳಿಯುತ್ತೆ. ಆದರೆ ಕರುಳಿನಲ್ಲಿ ಕಾವಲು ಕಡಿಮೆ. ಕಾಡು ವೈರಸ್ಸು ಆ ಮಗುವಿನ ಕರುಳಿನಲ್ಲಿ ಬೆಳೆದು, ಚರಂಡಿಗೆ ಇಳಿದು, ಪಕ್ಕದ ಮನೆಗೆ ಹೋಗಬಹುದು. ಹನಿ ಮದ್ದಿನಲ್ಲಿ ವೈರಸ್ಸು ಬದುಕಿರುತ್ತೆ. ಪಳಗಿಸಿದ್ದು. ಅದು ಕರುಳಿನಲ್ಲೇ ಬೀಡು ಬಿಡುತ್ತೆ, ಕಾಡಿನದಕ್ಕೆ ಜಾಗ ಕೊಡೋದಿಲ್ಲ. ಇದೂ ಚರಂಡಿಗೆ ಇಳಿಯುತ್ತೆ, ಪಕ್ಕದ ಮಗುವಿಗೂ ಹೋಗುತ್ತೆ."

"ಅಂದ್ರೆ ಪಕ್ಕದ ಮನೆ ಮಗೂಗೆ ಪುಕ್ಕಟೆ ಮದ್ದು!" ಅನಸೂಯಮ್ಮ ಕುರ್ಚಿಯ ತುದಿಗೆ ಬಂದಳು. "ನಮ್ ಲೈನಿಗೆ ಏಳಿ ಮಾಡಿಸಿದಂಗೈತೆ ಸಾರ್. ನಮ್ಮಲ್ಲಿ ಚರಂಡೀಲಿ ಓಗದೆ ಇರೋದು ಏನೈತೆ?"

"ಕೇಳ್ದೆ ಕೊಟ್ರೆ ಅದನ್ನ ಮದ್ದು ಅಂತಾರಾ?" ವೆಂಕಟರತ್ನಮ್ಮ ಸಿಡುಕಿದಳು. "ಜೀವ ಇರೋ ಕ್ರಿಮೀನ ಮಗೂ ಬಾಯಿಗೆ ಬಿಡೋದು! ಪಳಗಿದ್ದು ಮತ್ತೆ ಕಾಡಿಗೆ ತಿರುಗಿದ್ರೆ? ಸಾರ್, ನೀವೇ ಏಳಿ, ತಿರುಗಲ್ವಾ?"

"ತಿರುಗಬಹುದು," ಎಂದರು ಡಾಕ್ಟರು. "ಲಕ್ಷಗಟ್ಟಲೆ ಮಕ್ಕಳಲ್ಲಿ ಎಲ್ಲೋ ಒಬ್ಬರಿಗೆ. ನೂರಕ್ಕೆ ನೂರು ಇಲ್ಲ ಅಂತ ನಾನು ಹೇಳಲಾರೆ."

"ಆ ಒಬ್ರು ಯಾರ ಮಗು ಅಂತ ತಾಯಿ ಬಂದು ಕೇಳಿದ್ರೆ ಯಾರು ಉತ್ತರ ಕೊಡ್ತಾರೆ? ನೀನು ಕೊಡ್ತೀಯೇನೆ ಅನಸೂಯಕ್ಕ?"

ಅನಸೂಯಮ್ಮ ಎರಡು ಕೈಗಳನ್ನೂ ಸೀರೆಗೆ ಒರೆಸಿಕೊಂಡಳು.

"ಗೊತ್ತಿಲ್ಲ ಕಣೇ," ಎಂದಳು. "ಮೂರು ಸಲ ಸೂಜಿ ಅಂತೀಯ. ಒಂದು ಸಲಕ್ಕೆ ಬರ್ತಾರೆ. ಎರಡನೇದಕ್ಕೆ ಅರ್ಧ ಜನ. ಮೂರಕ್ಕೆ ನೀನು ನಾನು ಇಬ್ರೇ ಕುದಿಸಿದ ಸೂಜಿ ಇಟ್ಕೊಂಡು ನೊಣ ಓಡಿಸ್ತಾ ಕೂತಿರ್ತೀವಿ. ಹನೀಗಾದ್ರೆ ಅಳು ಇಲ್ಲ, ಮತ್ತೆ ಮತ್ತೆ ಬರ್ತಾರೆ. ಬರದೆ ಇದ್ದ ಮಕ್ಕಳ ತಾಯಂದಿರು ಬಂದು ಕೇಳ್ತಾರಲ್ಲ, ಅವರಿಗೆ ನೀನು ಉತ್ತರ ಕೊಡು. ಈ ಒಬ್ಬಳಿಗೆ ನಾನು ಕೊಡ್ತೀನಿ. ಕೊಡೋಕಾಗದೆ ಇದ್ರೆ ಅವಳ ಬಾಗಿಲಲ್ಲಿ ಕೂತು ಅಳ್ತೀನಿ."

ಡಾಕ್ಟರು ಆ ಸಂಜೆ ಹನಿ ಮದ್ದಿಗೆ ಬರೆದರು. ವೆಂಕಟರತ್ನಮ್ಮ ಎರಡು ದಿನ ಅನಸೂಯಮ್ಮನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಅನಸೂಯಮ್ಮ ಹುರುಳಿಕಾಳಿನ ಸಾರು ತಂದಿಟ್ಟು, "ಇದ್ರಲ್ಲಿ ಜೀವ ಇಲ್ಲ, ಎಲ್ಲಾ ಸತ್ತದೆ, ಧೈರ್ಯವಾಗಿ ತಿನ್ನು," ಎಂದಳು.

*

ಗಡಿಯಾರ ಒಂದು ಗಂಟೆ ದಾಟಿತ್ತು. ಚಪ್ಪರದ ನೆರಳು ಕುಗ್ಗಿ ಬೆಂಚಿನ ಕಾಲಿಗೆ ಬಂದಿತ್ತು. ವೆಂಕಟರತ್ನಮ್ಮ ಎದ್ದಳು. ಎದ್ದವಳು ಸೀದಾ ಕೋದಂಡಪ್ಪನ ಮುಂದೆ ಹೋಗಿ ನಿಂತಳು.

"ಅಣ್ಣ, ಪೆಟ್ಟಿಗೇಲಿ ಐಸು ಕರಗ್ತಾ ಐತೆ. ಕೇಳಬಾರ್ದು, ಆದ್ರೂ ಕೇಳ್ತಾ ಇದ್ದೀನಿ. ಇವತ್ತು ಹಾಕದಿದ್ರೆ ಎಲ್ಲಾ ಚರಂಡಿಗೆ ಸುರೀಬೇಕು."

ತಮಟೆ ನಿಂತಿತು. ಕೋದಂಡಪ್ಪ ಹೆಂಡತಿಯ ಮುಖವನ್ನೊಮ್ಮೆ ನೋಡಿದ, ಸಾಲಿನ ಉದ್ದಕ್ಕೂ ಬಾಗಿಲುಗಳಲ್ಲಿ ನಿಂತಿದ್ದ ಮಕ್ಕಳನ್ನೊಮ್ಮೆ ನೋಡಿದ.

"ಎತ್ರಿ," ಎಂದ.

ಯಾರಿಗೂ ಅರ್ಥವಾಗಲಿಲ್ಲ.

"ಚಟ್ಟ ಕಟ್ರಿ. ಎತ್ರಿ ಅಂದೆ. ಈಗಲೇ."

ಚಪ್ಪರ ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. "ಮಗ ಬರ್ದೆ ಎತ್ತೋದಾ!" "ಬುದ್ಧಿ ನೆಟ್ಟಗಿದೆಯಾ ಕೋದಂಡಣ್ಣ?" "ಬಾಯಿಗೆ ಅಕ್ಕಿ ಹಾಕೋರು ಯಾರು?" ಮಾರಿಯಮ್ಮ ಕೋಲು ಊರಿಕೊಂಡು ಎದ್ದು ಬಂದಳು. ಅವಳು ಅವನ ಎದೆಯಷ್ಟು ಎತ್ತರವೂ ಇರಲಿಲ್ಲ.

"ಲೇ ಕೋದಂಡ, ಒಬ್ಬನೇ ಮಗ. ತಾಯಿ ಮುಖ ನೋಡದಂಗೆ ಮಾಡ್ತೀಯಾ? ಆ ಪಾಪ ನಿನ್ ತಲೆ ಮೇಲೆ ಬೀಳುತ್ತೆ."

"ಬೀಳ್ಲಿ ಪಾಟಿ. ಇಪ್ಪತ್ತೆಂಟು ವರ್ಷ ತಲೆ ಮೇಲೆ ಬೆಟ್ಟ ಇಟ್ಕೊಂಡೇ ಕೆಲಸ ಮಾಡಿದೋನು ನಾನು. ಇದೂ ಇರ್ಲಿ." ಅವನು ಬೆಂಚಿನ ಕಡೆ ಕೈ ತೋರಿಸಿದ. "ನೆನ್ನೆ ಸಾಯಂಕಾಲ ಅವಳು ನಿನ್ನ ಮನೆಗೂ ಬಂದಿದ್ಲಲ್ಲ. ಏನಂದ್ಲು?"

ಮಾರಿಯಮ್ಮ ಚರಂಡಿಯ ಕಡೆ ತಿರುಗಿದಳು. ಅವಳ ಮರಿಮೊಮ್ಮಗಳು ಎರಡು ವರ್ಷದ ಕೂಸು, ಬರಿಮೈಯಲ್ಲಿ ಚರಂಡಿಯ ಅಂಚಿಗೆ ಕುಳಿತು ಕಡ್ಡಿಯಿಂದ ನೀರು ಕಲಕುತ್ತಿತ್ತು. ಪಾಟಿ ಅದನ್ನೇ ನೋಡುತ್ತ ನಿಂತಳು. ಆಮೇಲೆ ಕೋಲಿನಿಂದ ನೆಲಕ್ಕೆ ಒಂದು ಕುಟ್ಟಿದಳು.

"ಲೈನಲ್ಲಿ ಹೆಣ ಇರಬಾರ್ದು. ಅಷ್ಟೇ ತಾನೆ ನಾನು ಹೇಳಿದ್ದು?"

"ಹೌದು ಪಾಟಿ."

"ಮಸಾಣದ ದಾರೀಲಿ ಇಳಿಸೋ ಕಲ್ಲು ಐತೆ. ಅಲ್ಲಿ ಚಟ್ಟ ಇಳಿಸಬೇಕು, ಹೆಗಲು ಬದಲಾಯಿಸಬೇಕು, ಆಮೇಲೆ ಎತ್ತಬೇಕು. ಸರೀನಾ?"

"ಸರಿ."

"ಎಷ್ಟೊತ್ತು ಇಳಿಸಬೇಕು ಅಂತ ಯಾವನಾದ್ರೂ ಹೇಳವ್ನಾ?"

ಗಂಡಸರು ಇಲ್ಲವೆಂದು ತಲೆಯಾಡಿಸಿದರು.

"ನಮ್ಮಪ್ಪನ ಕಾಲದಲ್ಲೂ ಹೇಳಿಲ್ಲ, ನಮ್ಮ ತಾತನ ಕಾಲದಲ್ಲೂ ಹೇಳಿಲ್ಲ. ಮಗ ಬರೋಗಂಟ ಅಲ್ಲಿ ಇರ್ಲಿ. ಹೊಂಗೆ ಮರದ ನೆರಳಿದೆ. ಐಸ್ ಗಡ್ಡೇನೂ ಗಾಡೀಲಿ ಹಾಕ್ಕೊಳ್ಳಿ, ಅವಳ ಜೊತೆ ಹೋಗ್ಲಿ. ಅವನು ಬಂದು ಅಲ್ಲೇ ಅಕ್ಕಿ ಹಾಕ್ಲಿ, ಅಲ್ಲಿಂದ ಎತ್ಲಿ."

ತಮಟೆಯವನು ತಲೆ ಕೆರೆದುಕೊಂಡ. "ಸಾಯಂಕಾಲಗಂಟ ಬಾರಿಸಬೇಕಾ ಪಾಟಿ? ಕೈ ಬಿದ್ದೋಗ್ತದೆ."

"ಬಾರಿಸಬೇಡ. ಬೀಡಿ ಸೇದ್ಕೊಂಡು ಕೂತಿರು. ಅದಾದ್ರೆ ನಿಂಗೆ ಚೆನ್ನಾಗಿ ಬರುತ್ತೆ."

ಆಮೇಲೆ ಎಲ್ಲವೂ ಓಟ. ಬಿದಿರು ಸೀಳುವವರು, ಹಗ್ಗ ತರುವವರು, ಹೂವಿಗೆ ಓಡುವವರು. ಹೆಂಗಸರು ಸೀರೆಗಳನ್ನು ಗೋಡೆ ಮಾಡಿ ಹಿಡಿದು ಅನಸೂಯಮ್ಮನಿಗೆ ಅರಿಶಿನದ ನೀರು ಹಾಕಿದರು. ವೆಂಕಟರತ್ನಮ್ಮ ಅವಳ ಕೂದಲು ಬಾಚಿ ಗಂಟು ಹಾಕಿದಳು. ಬಾಚುವಾಗ ಮಾತ್ರ ಅತ್ತಳು, ಜೋರಾಗಿಯೇ ಅತ್ತಳು. ಎಲ್ಲರೂ ಬಾಯಿಗೆ ಅಕ್ಕಿ ಹಾಕಿದರು, ಮಗನ ಪಾಲಿನ ಅಕ್ಕಿಯನ್ನು ಕೋದಂಡಪ್ಪ ಪಂಚೆಯ ಅಂಚಿಗೆ ಕಟ್ಟಿಕೊಂಡ. ಚಟ್ಟ ಹೆಗಲೇರಿತು. ಹಿಂದೆ ಗೋಣಿ ಹೊದ್ದ ಐಸ್ ಗಡ್ಡೆ ಕೈಗಾಡಿಯಲ್ಲಿ ಹೊರಟಿತು. ಹೆಂಗಸರು ಮಸಾಣಕ್ಕೆ ಹೋಗುವ ರೂಢಿಯಿಲ್ಲ. ಅವರು ಲೈನಿನ ಕೊನೆಯ ಮನೆಯವರೆಗೆ ಹೋಗಿ ನಿಂತರು.

ಚಟ್ಟ ತಿರುವು ದಾಟುವುದನ್ನು ವೆಂಕಟರತ್ನಮ್ಮ ನೋಡಲಿಲ್ಲ. ಅವಳು ಅಷ್ಟರಲ್ಲಿ ಕೈ ತೊಳೆಯುತ್ತಿದ್ದಳು.

*

ಲೈನಿನ ನೆಲ ಗುಡಿಸಿ ನೀರು ಚಿಮುಕಿಸಿದ ಮೇಲೆ ಮಾರಿಯಮ್ಮ ತಾನೇ, "ಬನ್ರೇ," ಎಂದಳು. ಆದರೂ ಯಾರೂ ಮೊದಲು ಬರಲಿಲ್ಲ. ಕೊನೆಗೆ ಕನಕಮ್ಮ ಕಂಕುಳಲ್ಲಿ ಕಿರಿಯ ಮಗನನ್ನು ಎತ್ತಿಕೊಂಡು ಬಂದಳು. ಪಕ್ಕದಲ್ಲಿ ಸೆಲ್ವಿ, ಎಡಮಂಡಿಯನ್ನು ಕೈಯಿಂದ ಒತ್ತಿ ಒತ್ತಿ ಹೆಜ್ಜೆ ಹಾಕುತ್ತ.

"ಸಿಸ್ಟರಮ್ಮ, ಒಂದ್ ಮಾತು. ಈ ಮದ್ದು ಬೇಡ ಅಂತ ನೀವೇ ಅಂದಿದ್ರಂತೆ. ಅನಸೂಯಕ್ಕ ನಗ್ತಾ ಅಂತಿದ್ಲು."

ಡಾಕ್ಟರು ಬಾಯಿ ತೆರೆಯಲು ಹೋದರು. ವೆಂಕಟರತ್ನಮ್ಮ ಕೈಯೆತ್ತಿ ತಡೆದಳು.

"ಹೌದು ಕನಕಮ್ಮ. ಅಂದಿದ್ದೆ."

"ಈಗ?"

"ಈಗ್ಲೂ ಭಯ ಐತೆ. ಇದ್ರೊಳಗೆ ಇರೋದು ಜೀವ ಇರೋ ಕ್ರಿಮಿ. ಪಳಗಿಸಿರೋದು. ಲಕ್ಷಾಂತರ ಮಕ್ಕಳಲ್ಲಿ ಎಲ್ಲೋ ಒಂದಕ್ಕೆ ಇದ್ರಿಂದಲೇ ಕಾಲು ಓಗಬೋದು. ಹಾಕದೆ ಸುಮ್ನಿದ್ರೆ ಏನಾಯ್ತು ಅಂತ ಓದ ತಿಂಗ್ಳು ಇಲ್ಲೇ ಎರಡು ಮನೇಲಿ ನೋಡಿದ್ದೀವಿ. ಎರಡನ್ನೂ ನಿನ್ ಮುಂದೆ ಇಟ್ಟಿದ್ದೀನಿ. ನೀನು ಬೇಡ ಅಂದ್ರೆ ನಾನು ಕೋಪ ಮಾಡ್ಕಳಲ್ಲ."

ಕನಕಮ್ಮ ಸೆಲ್ವಿಯ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತಳು. ನಿಂತಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ಅವಳು ಮಗನ ಕೆನ್ನೆಯನ್ನು ಎರಡು ಬೆರಳಿನಿಂದ ಒತ್ತಿದಳು, ಬಾಯಿ ಮೀನಿನ ಬಾಯಿಯಂತೆ ತೆರೆಯಿತು.

ಒಂದು, ಎರಡು, ಮೂರು ತೊಟ್ಟು. ಹುಡುಗ ಚಪ್ಪರಿಸಿದ. ಇನ್ನೂ ಬೇಕು ಎನ್ನುವಂತೆ ಬಾಯಿ ತೆರೆದೇ ಇದ್ದ.

"ಅಳಲಿಲ್ಲವಲ್ಲೇ!" ಎಂದು ಹಿಂದಿನಿಂದ ಯಾರೋ ಕೂಗಿದರು, ಅಷ್ಟೇ. ಸಾಲು ನುಗ್ಗಿತು. "ನನ್ ಮಗೂಗೆ!" "ತಳ್ಳಬೇಡ್ವೇ, ನಾನು ಮೊದ್ಲು ಬಂದೋಳು!" "ಇವನಿಗೆ ಆಗಲೇ ಹಾಕಾಯ್ತಲ್ಲೋ ಕಳ್ಳ, ಮತ್ತೆ ಬಂದವ್ನೆ!" ಮಾರಿಯಮ್ಮ ಕೋಲು ಅಡ್ಡ ಹಿಡಿದು ಸಾಲು ಕಾದಳು. ಡಾಕ್ಟರು ಹಾಕಿಸಿಕೊಂಡ ಮಕ್ಕಳ ಹೆಬ್ಬೆರಳಿಗೆ ಶಾಯಿ ಹಚ್ಚಿ ಹಚ್ಚಿ ತಮ್ಮ ಅಂಗಿಯನ್ನೇ ನೀಲಿ ಮಾಡಿಕೊಂಡರು. ವೆಂಕಟರತ್ನಮ್ಮ ಒಂದೊಂದು ಮಗುವಿನ ನಂತರವೂ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ ಐಸಿನೊಳಗೆ ಇಡುತ್ತಿದ್ದಳು. ಹೊಂಗೆ ಮರದ ಕಡೆಯಿಂದ ಸದ್ದೇ ಇರಲಿಲ್ಲ. ಅಲ್ಲಿ ಗಂಡಸರು ಸರದಿಯಲ್ಲಿ ಪಂಚೆ ಬಿಚ್ಚಿ ಹಿಡಿದು ಬಿಸಿಲಿಗೆ ಅಡ್ಡ ನಿಂತಿದ್ದಾರೆಂದು ನೀರು ಕೊಟ್ಟು ಬಂದ ಒಬ್ಬ ಹೇಳಿದ.

ಗಾಡಿಯ ಕೂಗು ಕೇಳಿಸಿದಾಗ ಸಾಲು ಕರಗಿತ್ತು. ಪೆಟ್ಟಿಗೆಯಲ್ಲಿ ಐಸು ನೆಲ್ಲಿಕಾಯಿ ಗಾತ್ರದ ನಾಲ್ಕು ಚೂರಾಗಿತ್ತು, ಮದ್ದು ಉಳಿದಿದ್ದ ಸೀಸೆ ಒಂದೇ, ಅದರ ಬಾಯಿಯೂ ತೆರೆದಾಗಿತ್ತು.

ಕೋದಂಡಪ್ಪನ ಮಗ ಮುನಿನಾರಾಯಣ ಎಂಜಿನ್ನಿಗೆ ಕಲ್ಲಿದ್ದಲು ತುಂಬುವ ಕೆಲಸದ ಬಟ್ಟೆಯಲ್ಲೇ ಓಡಿ ಬಂದ. ಚಪ್ಪರ ಬರಿದಾಗಿತ್ತು. ಸುತ್ತ ಮಕ್ಕಳು ನೀಲಿ ಹೆಬ್ಬೆರಳು ತೋರಿಸಿಕೊಂಡು ಕುಣಿಯುತ್ತಿದ್ದವು. ಅವನು ಬೆಪ್ಪಾಗಿ ನಿಂತ.

"ಎತ್ತಿಬಿಟ್ರಾ? ನಾನು ಬರೋದ್ರೊಳಗೆ ಎತ್ತಿಬಿಟ್ರಾ ಪಾಟಿ?"

"ಇಲ್ಲ ಕಣ್ಲಾ. ಇಳಿಸೋ ಕಲ್ಲಿನ ಹತ್ರ ನಿಂಗೇ ಕಾಯ್ತಾ ಅವ್ಳೆ. ಓಡು!"

ಅವನು ಓಡಿದ. ಹಿಂದೆಯೇ ಬಂದ ಹೆಂಡತಿ ಮಂಗಮ್ಮ ಮೂರು ತಿಂಗಳ ಗಂಡುಮಗುವನ್ನು ಎತ್ತಿಕೊಂಡು ಲೈನಿನಲ್ಲೇ ಉಳಿದಳು. ಅತ್ತೂ ಅತ್ತೂ ಕಣ್ಣು ಊದಿತ್ತು. ವೆಂಕಟರತ್ನಮ್ಮ ಅವಳನ್ನು ಬೆಂಚಿನ ಮೇಲೆ ಕೂರಿಸಿ ಚೆಂಬಿನಲ್ಲಿ ನೀರು ಕೊಟ್ಟಳು. ಮಗು ಎಚ್ಚರವಾಗಿತ್ತು. ಅಗಲ ಹಣೆ. ಯಾರ ಹಣೆ ಎಂದು ಕೇಳುವ ಹಾಗಿರಲಿಲ್ಲ.

ಈ ಮಗು ಈ ಲೈನಿನದಲ್ಲ. ಡಾಕ್ಟರ ಎಣಿಕೆಗೆ ಸೇರಿಲ್ಲ. ವೆಂಕಟರತ್ನಮ್ಮ ಪೆಟ್ಟಿಗೆಯ ಮುಚ್ಚಳ ಹಾಕಿದಳು. ಮುಚ್ಚಿದ ಮೇಲೂ ಅದರ ಮೇಲಿಂದ ಕೈ ತೆಗೆಯಲಿಲ್ಲ.

"ಎಲ್ಲಾ ಮಕ್ಕಳಿಗೂ ಹಾಕಿದ್ರಾ ಸಿಸ್ಟರಮ್ಮ?" ಮಂಗಮ್ಮ ಕೇಳಿದಳು.

"ಹಾಕಿದ್ವಿ."

"ಇವನಿಗೆ?"

ಮಾರಿಯಮ್ಮ ದೂರದಿಂದ ನೋಡಿ ಕೋಲನ್ನು ಗೋಡೆಗೆ ಒರಗಿಸಿದಳು. ವೆಂಕಟರತ್ನಮ್ಮ ನೆಲಕ್ಕೆ ಕುಳಿತು, ಮಧ್ಯಾಹ್ನ ಕನಕಮ್ಮನಿಗೆ ಹೇಳಿದ್ದನ್ನೇ ಮಂಗಮ್ಮನಿಗೂ ಹೇಳಿದಳು. ಒಂದು ಮಾತನ್ನೂ ಬಿಡಲಿಲ್ಲ. ಲಕ್ಷಾಂತರದಲ್ಲಿ ಒಂದು ಎಂಬುದನ್ನೂ ಬಿಡಲಿಲ್ಲ.

"ಅತ್ತೆ ಇದ್ದಿದ್ರೆ ಹಾಕ್ತಿದ್ರಾ?"

"ಅವಳು ನಿನ್ನ ಕೇಳ್ತಾನೇ ಇರಲಿಲ್ಲ. ಕಿತ್ಕೊಂಡು ಹಾಕ್ತಿದ್ಲು. ನಾನು ಅವಳಲ್ಲಮ್ಮ. ನಾನು ಕೇಳ್ತೀನಿ."

ಮಂಗಮ್ಮ ಊದಿದ ಕಣ್ಣಿನಲ್ಲೇ ಸಣ್ಣಗೆ ನಕ್ಕಳು. ಮಗುವನ್ನು ಮಡಿಲಲ್ಲಿ ಮಲಗಿಸಿ ತಲೆಯನ್ನು ಹಿಂದಕ್ಕೆ ವಾಲಿಸಿದಳು.

ವೆಂಕಟರತ್ನಮ್ಮ ಮುಚ್ಚಳ ತೆಗೆದಳು. ಮೊದಲನೆಯ ತೊಟ್ಟು ಬೀಳುವಾಗ ಹೊಂಗೆ ಮರದ ಕಡೆ ತಮಟೆ ಎದ್ದಿತು. ಅವಳು ತಲೆಯೆತ್ತಲಿಲ್ಲ. ಎರಡನೆಯದು ಬಿತ್ತು. ತಮಟೆ ಮೆಲ್ಲಗೆ ದೂರ ಸರಿಯತೊಡಗಿತು. ಮೂರನೆಯದಕ್ಕೆ ಮಗು ಮುಖ ಹಿಂಡಿ, ನುಂಗಿ, ನಾಲಿಗೆ ಹೊರಗೆ ಹಾಕಿತು.

ಅವಳು ಸೀಸೆಯನ್ನು ಸಂಜೆಯ ಬೆಳಕಿಗೆ ಹಿಡಿದಳು. ಲೈನಿಗೆಲ್ಲ ಹಾಕಿ ಉಳಿದದ್ದು ಅರ್ಧ ಸಿಸಿ, ಹತ್ತೇ ತೊಟ್ಟು.